ಮುಂಚೂಣಿಯಲ್ಲಿಲ್ಲದ ಹೆಸರಿಗೆ ಬಿದ್ದ ಮತ: ಬಿ. ಡಿ. ಜತ್ತಿಯವರ ಬದುಕು

ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಲ್ಲಿ ವಿಜಾಪುರ, ಜಮಖಂಡಿ, ಮುಧೋಳ, ಅಥಣಿಗಳ ಕಡೆಯಿಂದ ಬಂದವರೂ ಇದ್ದಾರೆ. ಆ ಮನೆಗಳ ಹಿರಿಯರಿಗೆ ದಿವಂಗತ ಬಸಪ್ಪ ದಾನಪ್ಪ ಜತ್ತಿಯವರ ಹೆಸರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಕಿರಿಯರಿಗೆ ಮಾತ್ರ ಅವರು ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಬರುವ ಒಂದು ಉತ್ತರ: 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದ ಕನ್ನಡಿಗ. ಈ ಒಂದು ಸಾಲಿನ ಪರಿಚಯದಲ್ಲಿ ಅವರ ಬದುಕಿನ ನಿಜವಾದ ತಿರುವು ಕಾಣುವುದಿಲ್ಲ. ಆ ತಿರುವು ಬಂದದ್ದು 1958ರ ಮೇ ತಿಂಗಳಲ್ಲಿ, ಪಕ್ಷದ ಒಳಗೇ ನಡೆದ ಒಂದು ಸ್ಪರ್ಧೆಯಲ್ಲಿ. ಗೆಲ್ಲುವರೆಂದು ಹೆಚ್ಚು ಮಂದಿ ಎಣಿಸದಿದ್ದ ಒಬ್ಬ ಶಾಸಕರಿಗೆ ಸಹಶಾಸಕರು ಕೊಟ್ಟ ಮತವು ರಾಜ್ಯವೊಂದರ ಆಡಳಿತವನ್ನೇ ಅವರ ಕೈಗಿತ್ತ ಪ್ರಸಂಗವದು. ಅದನ್ನು ನಡುವಿಗಿಟ್ಟುಕೊಂಡು ಜತ್ತಿಯವರ ಬದುಕನ್ನು ಸ್ಮರಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ಅಧ್ಯಕ್ಷರ ಚುನಾವಣೆಯ ವರದಿಗಳನ್ನು ಓದುವ ನಮಗೆಲ್ಲ ಪ್ರೈಮರಿ ಎಂಬ ಶಬ್ದ ಪರಿಚಿತವೇ. ಮಕ್ಕಳು ಅಲ್ಲಿ ನೆಲೆಸಿರುವ ಮನೆಗಳಲ್ಲಂತೂ ಅದು ದಿನದ ಮಾತು. ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಬಹುತೇಕ ಕಡೆ ಮತದಾರರೇ ಮೊದಲು ತೀರ್ಮಾನಿಸುವ ಪದ್ಧತಿಯದು. ನಮ್ಮ ದೇಶದಲ್ಲಿ ಅಂಥ ಕಾನೂನುಬದ್ಧ ಏರ್ಪಾಡು ಇಲ್ಲ. ಆದರೂ ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕಗಳಲ್ಲಿ ಅದಕ್ಕೆ ತೀರ ಹತ್ತಿರದ ಒಂದು ಸ್ಪರ್ಧೆ ಇತ್ತು. 1957ರ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 208 ಸ್ಥಾನಗಳ ಪೈಕಿ 150 ಸ್ಥಾನಗಳು ಕಾಂಗ್ರೆಸ್ಸಿಗೆ ದೊರೆತಿದ್ದವು. ವಿರೋಧಪಕ್ಷಗಳು ಒಟ್ಟುಗೂಡಿದರೂ ಸರಕಾರವನ್ನು ಅಲುಗಿಸಲಾಗದ ಬಹುಮತವದು. ಹೀಗಿದ್ದಾಗ ಮುಖ್ಯಮಂತ್ರಿ ಯಾರೆಂಬ ಪ್ರಶ್ನೆಗೆ ಉತ್ತರ ಸಿಗುತ್ತಿದ್ದುದು ವಿಧಾನಸಭೆಯಲ್ಲಲ್ಲ, ಕಾಂಗ್ರೆಸ್ ಶಾಸಕಾಂಗ ಪಕ್ಷದ ಸಭೆಯಲ್ಲಿ. ಅಲ್ಲಿ ಗೆದ್ದವನೇ ರಾಜ್ಯದ ಆಡಳಿತದ ಚುಕ್ಕಾಣಿ ಹಿಡಿಯುತ್ತಿದ್ದ.

ಜತ್ತಿಯವರು ಜನಿಸಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿಯ ಬಳಿಯ ಸಾವಳಗಿಯಲ್ಲಿ. ಇಂದು ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಂದು ಜಮಖಂಡಿಯು ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಒಂದು ಸಣ್ಣ ಸಂಸ್ಥಾನ. ಜನರ ಆಡುಮಾತು ಕನ್ನಡ, ದೊರೆಗಳ ಮನೆಮಾತು ಮರಾಠಿ. ಇಂಥ ಪರಿಸರದಲ್ಲಿ ಬೆಳೆದ ಹುಡುಗನಿಗೆ ಎರಡೂ ಭಾಷೆಗಳ ನಡುವೆ ಬಾಳುವುದು ಚಿಕ್ಕಂದಿನಿಂದಲೇ ರೂಢಿಯಾಗುತ್ತದೆ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಬಳಸುವ ನಮಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರದು ಸಾಧಾರಣ ಸ್ಥಿತಿಯ ಲಿಂಗಾಯತ ಕುಟುಂಬ. ವಿಜಾಪುರದ ಸರಕಾರಿ ಪ್ರೌಢಶಾಲೆಯಲ್ಲಿ ಓದಿದ ಬಳಿಕ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಾಪದವಿಯನ್ನೂ, ಅದೇ ಊರಿನ ಸೈಕ್ಸ್ ಕಾನೂನು ಕಾಲೇಜಿನಲ್ಲಿ ಕಾನೂನು ಪದವಿಯನ್ನೂ ಪಡೆದು ಜಮಖಂಡಿಗೆ ಮರಳಿ ವಕೀಲಿ ಆರಂಭಿಸಿದರು.

ಅವರ ಸಾರ್ವಜನಿಕ ಜೀವನದ ಮೊದಲ ಮೆಟ್ಟಿಲು ಊರಿನ ಪುರಸಭೆ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದ ಅವರು 1945ರಲ್ಲಿ ಅದರ ಅಧ್ಯಕ್ಷರಾದರು. ಆಮೇಲೆ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾಗಿ, ಮಂತ್ರಿಯಾಗಿ, 1948ರಲ್ಲಿ ಸಂಸ್ಥಾನದ ಆಡಳಿತದ ಮುಖ್ಯಸ್ಥರೂ ಆದರು. ಆದರೆ ಆ ಪದವಿಯ ಆಯುಷ್ಯ ಅಲ್ಪ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನವೇ ಇಲ್ಲವಾದ ಮೇಲೆ ಅದರ ಅಧಿಕಾರವೂ ಇಲ್ಲವಾಯಿತು. ಜತ್ತಿಯವರು ಸದ್ದಿಲ್ಲದೆ ಕರಿಕೋಟು ತೊಟ್ಟು ಮತ್ತೆ ನ್ಯಾಯಾಲಯದ ಕಟ್ಟೆ ಹತ್ತಿದರು. ಕೈಗೆ ಬಂದ ಅಧಿಕಾರವನ್ನು ಬಿಟ್ಟು ಹಿಂದಿನ ಕೆಲಸಕ್ಕೆ ಮರಳುವ ಈ ಸ್ವಭಾವವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರ ಬದುಕಿನಲ್ಲಿ ಇಂಥ ಸಂದರ್ಭ ಇನ್ನೂ ಬರಲಿದ್ದವು.

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರನ್ನು ಮುಂಬಯಿ ವಿಧಾನಸಭೆಗೆ ನಾಮಕರಣ ಮಾಡಲಾಯಿತು. ಸಭೆಗೆ ಬಂದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಸಂಸದೀಯ ಕಾರ್ಯದರ್ಶಿಯ ಸ್ಥಾನ ಅವರಿಗೆ ಸಂದಿತು. 1952ರ ಮಹಾಚುನಾವಣೆಯ ನಂತರ ಮೊರಾರ್ಜಿ ದೇಸಾಯಿಯವರು ಮುಖ್ಯಮಂತ್ರಿಯಾದಾಗ ಆರೋಗ್ಯ ಹಾಗೂ ಕಾರ್ಮಿಕ ಖಾತೆಗಳ ಹೊಣೆಯಲ್ಲಿ ಜತ್ತಿಯವರಿಗೂ ಪಾಲು ದೊರೆಯಿತು. ಕೋಟೆ ಪ್ರದೇಶದಲ್ಲಿ ರೀಗಲ್ ಚಿತ್ರಮಂದಿರದ ಎದುರಿಗೆ, ಇಂದು ರಾಜ್ಯ ಪೊಲೀಸ್ ಇಲಾಖೆಯ ಕೇಂದ್ರ ಕಚೇರಿ ಇರುವ ಹಳೆಯ ಕಟ್ಟಡವೇ ಅಂದಿನ ಕೌನ್ಸಿಲ್ ಹಾಲ್. ಗುಜರಾತಿ, ಮರಾಠಿ, ಕನ್ನಡ ಮೂರೂ ನುಡಿಗಳ ಪ್ರತಿನಿಧಿಗಳು ಒಂದೇ ಸೂರಿನಡಿ ಕುಳಿತ ಆ ಸಭೆಯಲ್ಲಿ ಜತ್ತಿಯವರು ಶಾಸನದ ಕೆಲಸವನ್ನು ಕಲಿತರು. ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಕನ್ನಡ ಜಿಲ್ಲೆಗಳಿಂದ ವಲಸೆ ಬಂದವರೂ ಇದ್ದ ಕಾಲವದು. ಕಾರ್ಮಿಕ ಖಾತೆಯ ಕೆಲಸವೆಂದರೆ ಸಣ್ಣ ಕೆಲಸವಾಗಿರಲಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದಿನಿಂದ ಬೀದರ, ಗುಲಬರ್ಗಾ, ರಾಯಚೂರುಗಳೂ, ಮದರಾಸಿನಿಂದ ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ, ಜೊತೆಗೆ ಕೊಡಗೂ ಬಂದು ಕೂಡಿಕೊಂಡವು. ಕಾಸರಗೋಡು ಕೇರಳಕ್ಕೆ ಹೋದ ನೋವು ಇಂದಿಗೂ ಮಾಸಿಲ್ಲ. ಮುಂಬಯಿ ಮಹಾನಗರದಲ್ಲಿದ್ದ ಕನ್ನಡಿಗರಿಗೆ ಅಂದಿನಿಂದ ತವರು ಜಿಲ್ಲೆ ಬೇರೆ ರಾಜ್ಯಕ್ಕೆ ಸೇರಿದಂತಾಯಿತು. ಆ ಕಡೆಗೆ ಹೋದ ಜನಪ್ರತಿನಿಧಿಗಳ ಪಾಡೂ ಸುಲಭದ್ದಾಗಿರಲಿಲ್ಲ. ಹಳೆಯ ಮೈಸೂರಿನ ಮುಖಂಡರು ತಮ್ಮ ಊರಿನ ಆಡಳಿತಪದ್ಧತಿಯನ್ನು ಬಲ್ಲವರು. ಅಧಿಕಾರಿವರ್ಗವೂ ಅವರಿಗೆ ಚಿರಪರಿಚಿತ. ಮುಂಬಯಿ, ಹೈದರಾಬಾದು, ಮದರಾಸುಗಳಿಂದ ಬಂದವರು ಬೆಂಗಳೂರಿನಲ್ಲಿ ಹೊಸಬರು. ಏಕೀಕರಣದಿಂದ ತಮ್ಮ ಪ್ರಾಬಲ್ಯ ಕುಗ್ಗೀತೆಂಬ ಅಳುಕು ಹಳಬರಲ್ಲಿ, ತಮ್ಮನ್ನು ಕಡೆಗಣಿಸಿಯಾರೆಂಬ ಅಳುಕು ಹೊಸಬರಲ್ಲಿ ಇದ್ದೇ ಇತ್ತು.

ಈ ಹೊಸ ರಾಜ್ಯದಲ್ಲಿ ಜತ್ತಿಯವರಿಗೆ ದೊರೆತದ್ದು ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ. ಮೇಲ್ನೋಟಕ್ಕೆ ಅದು ಮೆರೆಯುವ ಹುದ್ದೆಯಲ್ಲ, ಕಡತಗಳ ನಡುವೆ ಕೂರುವ ಕೆಲಸ. ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಐದು ಬಗೆಯ ಗೇಣಿ ಕಾನೂನುಗಳಿದ್ದವು. 1948ರಷ್ಟು ಹಿಂದೆಯೇ ಗೇಣಿ ಶಾಸನವನ್ನು ಮಾಡಿದ್ದ ಮುಂಬಯಿ ಈ ವಿಷಯದಲ್ಲಿ ಮುಂದಿತ್ತು. ಅದೇ ಸಭೆಯಲ್ಲಿ ಕುಳಿತು ಬಂದಿದ್ದ ಜತ್ತಿಯವರಿಗೆ ಆ ಕಾನೂನಿನ ಗುಣವೂ ಗೊತ್ತಿತ್ತು, ದೋಷವೂ ಗೊತ್ತಿತ್ತು. ಬ್ಯಾಂಕಿನ ಮೇಜಿನ ಹಿಂದೆ ಮೂರು ದಶಕ ಕಳೆದ ನಮಗೆ ಇದರ ಮಹತ್ವ ಬೇಗ ತಿಳಿಯುತ್ತದೆ. ಕಲ್ಯಾಣ, ಭಿವಂಡಿ ಕಡೆಯ ರೈತನು ಸಾಲಕ್ಕೆ ಬಂದರೆ ನಾವು ಮೊದಲು ಕೇಳುವುದು ಸಾತ್‌ಬಾರಾ ಉತಾರವನ್ನು, ಕರ್ನಾಟಕದಲ್ಲಾದರೆ ಪಹಣಿ. ಆ ಕಾಗದದಲ್ಲಿ ಹೆಸರಿಲ್ಲದವನು ಹೊಲವನ್ನು ಎಷ್ಟು ತಲೆಮಾರಿನಿಂದ ಉತ್ತಿದ್ದರೂ ಬ್ಯಾಂಕಿನ ಲೆಕ್ಕದಲ್ಲಿ ಅವನಿಗೆ ಹೊಲವಿಲ್ಲ. ಗೇಣಿದಾರನ ಹಕ್ಕು ಯಾವುದು, ಗೇಣಿ ಎಷ್ಟಿರಬೇಕು, ಒಡೆಯನು ಅವನನ್ನು ಯಾವಾಗ ಬಿಡಿಸಬಹುದು ಎಂಬ ಪ್ರಶ್ನೆಗಳಿಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಉತ್ತರವನ್ನು ಹುಡುಕುವುದು ಜತ್ತಿ ಸಮಿತಿಯ ಕೆಲಸವಾಗಿತ್ತು. ಜತ್ತಿ ಸಮಿತಿ ಎಂಬ ಹೆಸರೇ ರೂಢಿಗೆ ಬಂದುದು ಆ ಕೆಲಸದ ಗುರುತು.

ಇತ್ತ ಪಕ್ಷದೊಳಗೆ ಬೇಗುದಿ ಬೆಳೆಯುತ್ತಿತ್ತು. ಮೈಸೂರು ಕಾಂಗ್ರೆಸ್ಸಿಗೆ ಒಳಜಗಳ ಹೊಸದಲ್ಲ. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಪಕ್ಷದೊಳಗಿನ ಅವಿಶ್ವಾಸದಿಂದಲೇ 1956ರ ಆಗಸ್ಟಿನಲ್ಲಿ ಅಧಿಕಾರ ಬಿಟ್ಟಿದ್ದರು. ಅವರ ಬಳಿಕ ಕಡಿದಾಳ್ ಮಂಜಪ್ಪನವರು ಏಕೀಕರಣದ ದಿನದವರೆಗೆ ಮುಖ್ಯಮಂತ್ರಿಯಾಗಿದ್ದರು. ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಏಕೀಕರಣದ ಹೋರಾಟದಲ್ಲಿ ಮುಂದೆ ನಿಂತವರು, ಸಮಸ್ತ ಕನ್ನಡಿಗರ ಗೌರವಕ್ಕೆ ಪಾತ್ರರಾದವರು. ಆದರೂ 1957ರ ಗೆಲುವಿನ ಮರುವರ್ಷವೇ ಅವರ ವಿರುದ್ಧ ಶಾಸಕಾಂಗ ಪಕ್ಷದಲ್ಲಿ ಭಿನ್ನಮತ ತಲೆಯೆತ್ತಿ, 1958ರ ಮೇ ತಿಂಗಳಲ್ಲಿ ಅವರು ಅಧಿಕಾರದಿಂದ ಇಳಿಯಬೇಕಾಯಿತು. ಒಂದೂಮುಕ್ಕಾಲು ವರ್ಷದಲ್ಲಿ ಮೂರು ನಾಯಕರು ಸ್ಥಾನ ತೆರವು ಮಾಡಿದಂತಾಯಿತು. ಮೂವರನ್ನೂ ಇಳಿಸಿದ್ದು ವಿರೋಧಪಕ್ಷವಲ್ಲ.

ತೆರವಾದ ಸ್ಥಾನಕ್ಕೆ ಯಾರು ಬರಬೇಕು ಎಂಬ ಪ್ರಶ್ನೆ ಬಂದಾಗ ಹಳೆಯ ಮೈಸೂರಿನ ಹಿರಿಯ ಮುಖಂಡ ಟಿ. ಸುಬ್ರಹ್ಮಣ್ಯ ಅವರಂಥ ಘಟಾನುಘಟಿಗಳು ಕಣದಲ್ಲಿದ್ದರು. ಅನುಭವ, ಹಿರಿತನ, ರಾಜಧಾನಿಯ ಸಂಪರ್ಕ ಇವೆಲ್ಲ ಅವರ ಕಡೆಗಿದ್ದವು. ಎದುರಿಗೆ ಜತ್ತಿಯವರು. ವಯಸ್ಸು 45. ರಾಜ್ಯಕ್ಕೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಊರು ರಾಜಧಾನಿಗೆ ದೂರದ ಒಂದು ಹಿಂದಿನ ಸಂಸ್ಥಾನ. ಸಭೆಗಳನ್ನು ತಮ್ಮತ್ತ ಸೆಳೆಯುವ ವಾಗ್ಮಿಯೆಂಬ ಖ್ಯಾತಿಯೂ ಅವರಿಗಿರಲಿಲ್ಲ. ಇಂಥವರ ಹೆಸರಿಗೆ ಮತ ಹಾಕುವುದೆಂದರೆ ಶಾಸಕನ ಪಾಲಿಗೆ ಸಣ್ಣ ಸಾಹಸವಲ್ಲ. ಸಾರ್ವತ್ರಿಕ ಚುನಾವಣೆಯಲ್ಲಿ ಸೋಲುವವನಿಗೆ ಮತ ಹಾಕಿದ ಮತದಾರನಿಗೆ ನಷ್ಟವೇನೂ ಆಗುವುದಿಲ್ಲ. ಅವನ ಮತ ಗುಪ್ತ, ಅವನ ಮನೆ ಅವನದು. ಶಾಸಕಾಂಗ ಪಕ್ಷದಲ್ಲಿ ಹಾಗಲ್ಲ. ಯಾರು ಯಾರ ಕಡೆಗಿದ್ದಾರೆಂಬುದು ಸಭೆಗೆ ಮುಂಚೆಯೇ ಎಲ್ಲರಿಗೂ ತಿಳಿದಿರುತ್ತದೆ. ತಾನು ಬೆಂಬಲಿಸಿದವನು ಸೋತರೆ ಮಂತ್ರಿಗಿರಿಯ ಆಸೆ ಹೋಯಿತು, ಕ್ಷೇತ್ರದ ಕೆಲಸಗಳು ಕುಂಟಿದವು, ಮುಂದಿನ ಚುನಾವಣೆಗೆ ಟಿಕೇಟು ದೊರೆಯುವುದೂ ಅನುಮಾನ. ಆದ್ದರಿಂದಲೇ ಗೆಲ್ಲುವ ಕುದುರೆಯ ಬಾಲ ಹಿಡಿಯುವವರು ಎಲ್ಲ ಪಕ್ಷಗಳಲ್ಲಿಯೂ ಹೆಚ್ಚು.

ಇಷ್ಟಿದ್ದರೂ ಜತ್ತಿಯವರು ನಾಯಕರಾಗಿ ಆಯ್ಕೆಯಾದರು. 1958ರ ಮೇ 16ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಈ ಗೆಲುವಿನ ಹಿಂದೆ ಗುಂಪುಗಳ ಲೆಕ್ಕಾಚಾರ ಇರಲಿಲ್ಲವೆಂದು ನಾವು ಹೇಳಲಾರೆವು. ರಾಜಕಾರಣದಲ್ಲಿ ಅದಿಲ್ಲದ ಗೆಲುವಿಲ್ಲ. ಆದರೆ ಲೆಕ್ಕಾಚಾರವೊಂದರಿಂದಲೇ ಈ ಫಲಿತಾಂಶವನ್ನು ವಿವರಿಸಲೂ ಆಗದು. ಹೊಸದಾಗಿ ಕೂಡಿಕೊಂಡ ಜಿಲ್ಲೆಗಳ ಪ್ರತಿನಿಧಿಗಳಿಗೆ ತಮ್ಮಂತೆಯೇ ಹೊರಗಿನಿಂದ ಬಂದವನೊಬ್ಬನು ರಾಜ್ಯದ ಮುಖ್ಯಸ್ಥನಾಗಬಲ್ಲ ಎಂಬುದು ಏಕೀಕರಣದ ಮಾತು ನಿಜವೆಂಬುದಕ್ಕೆ ಸಾಕ್ಷಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಯಾವ ಬಣದಲ್ಲಿಯೂ ಹಗೆ ಕಟ್ಟಿಕೊಳ್ಳದ ಅವರ ಸೌಮ್ಯ ಸ್ವಭಾವವೂ, ಭೂಸುಧಾರಣಾ ಸಮಿತಿಯಲ್ಲಿ ಅವರು ಮಾಡಿದ ಕೆಲಸವೂ ನೆರವಿಗೆ ಬಂದಿರಬೇಕೆಂದು ನಮಗೆ ತೋರುತ್ತದೆ.

ಅವರ ಅಧಿಕಾರಾವಧಿ ನಾಲ್ಕು ವರ್ಷಕ್ಕೆ ಕೊಂಚ ಕಡಿಮೆ. ಆ ಅವಧಿಯಲ್ಲಿ ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡು, ಜಿಲ್ಲಾ ಅಭಿವೃದ್ಧಿ ಪರಿಷತ್ತು ಎಂಬ ಮೂರು ಹಂತಗಳ ವ್ಯವಸ್ಥೆಯನ್ನು ಇಡೀ ರಾಜ್ಯಕ್ಕೆ ತಂದ 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಜಾರಿಯಾಯಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಹುಟ್ಟಿದಾಗ ಗಡಿಪ್ರಶ್ನೆ ಮತ್ತೆ ಮೇಲೆದ್ದಿತು. ಆಗ ಮಹಾರಾಷ್ಟ್ರದ ಮುಖ್ಯಮಂತ್ರಿ ಯಶವಂತರಾವ್ ಚವಾಣರು. ಅವರೂ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು, ಮುಂಬಯಿ ಸರಕಾರದಲ್ಲಿ ಜತ್ತಿಯವರೊಡನೆ ಇದ್ದವರು. ಒಂದೇ ಕಾಲೇಜು, ಒಂದೇ ವಿಧಾನಸಭೆಗಳ ಇಬ್ಬರು ಈಗ ಗಡಿಯ ಎರಡು ಬದಿಗಳಲ್ಲಿ ನಿಂತರು. ಎರಡೂ ರಾಜ್ಯಗಳ ತಲಾ ಇಬ್ಬರು ಪ್ರತಿನಿಧಿಗಳ ಸಮಿತಿಯೊಂದು 1960ರಲ್ಲಿ ನೇಮಕವಾದರೂ ಒಮ್ಮತ ಮೂಡಲಿಲ್ಲ. ಆ ಪ್ರಶ್ನೆ ಇಂದಿಗೂ ಸುಪ್ರೀಂ ಕೋರ್ಟಿನ ಮುಂದಿದೆ.

ಅವರ ಕಾಲದ ಮುಖ್ಯ ಸಾಧನೆ 1961ರ ಮೈಸೂರು ಭೂಸುಧಾರಣಾ ಕಾಯಿದೆ. ಗೇಣಿದಾರನಿಗೆ ಭದ್ರತೆ, ಗೇಣಿಗೆ ಮಿತಿ, ಭೂಹಿಡುವಳಿಗೆ 27 ಸ್ಟ್ಯಾಂಡರ್ಡ್ ಎಕರೆಗಳ ಗರಿಷ್ಠ ಮಿತಿ ಇವು ಅದರಲ್ಲಿದ್ದವು. ಈ ಕಾಯಿದೆ ಎಲ್ಲರನ್ನೂ ತೃಪ್ತಿಪಡಿಸಲಿಲ್ಲ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯನು ಜಮೀನನ್ನು ಹಿಂಪಡೆಯಲು ಅವಕಾಶವಿತ್ತು. ಜಾರಿಗೆ ಬರುವಷ್ಟರಲ್ಲಿ 1965ರ ಅಕ್ಟೋಬರ್ 2 ಬಂದಿತು. ಆ ನಡುವಿನ ಕಾಲದಲ್ಲಿ ಬುದ್ಧಿವಂತ ಒಡೆಯರು ತಮ್ಮ ದಾರಿಗಳನ್ನು ಹುಡುಕಿಕೊಂಡರು. ಉಳುವವನಿಗೇ ಹೊಲವೆಂಬ ಮಾತು ದೊಡ್ಡ ಪ್ರಮಾಣದಲ್ಲಿ ಕಾರ್ಯಗತವಾದದ್ದು ದೇವರಾಜ ಅರಸರ ಸರಕಾರವು 1974ರಲ್ಲಿ ತಿದ್ದುಪಡಿ ತಂದ ಮೇಲೆಯೇ. ಆದರೆ ಅರಸರು ತಿದ್ದಿದ್ದು ಜತ್ತಿಯವರ ಕಾಲದ ಕಾಯಿದೆಯನ್ನೇ ಎಂಬುದನ್ನು ಮರೆಯಬಾರದು. ದಕ್ಷಿಣ ಕನ್ನಡದ ಎಷ್ಟೋ ಒಕ್ಕಲು ಕುಟುಂಬಗಳು ಭೂಮಿಯ ಒಡೆಯರಾದ ಕತೆಯ ಮೊದಲ ಅಧ್ಯಾಯ ಇಲ್ಲಿಯೇ ಇದೆ. ಆ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇಂದು ನಮ್ಮ ನಡುವೆಯೂ ಇದ್ದಾರೆ.

1962ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 138 ಸ್ಥಾನಗಳು ಬಂದವು. ಜತ್ತಿಯವರು ಜಮಖಂಡಿಯಿಂದ ಪುನಃ ಗೆದ್ದರು. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹೊರಗಿನವರ ದೃಷ್ಟಿಗೆ ಇನ್ನು ಜತ್ತಿಯವರೇ ಮುಂದುವರಿಯಬೇಕು. ಈಗ ಮುಂಚೂಣಿಯಲ್ಲಿದ್ದವರು ಅವರೇ. ಆದರೆ ಯಾವ ಬಾಗಿಲಿನಿಂದ ಅವರು ಒಳಬಂದಿದ್ದರೋ ಅದೇ ಬಾಗಿಲು ಅವರನ್ನು ಹೊರಗೆ ಕಳಿಸಿತು. ಪಕ್ಷದೊಳಗಿನ ಬಲಾಬಲ ಬದಲಾಗಿ, ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ಹುನಗುಂದದ ಎಸ್. ಆರ್. ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಿಂದ ವಿಧಾನಸಭೆಗೆ ಬಂದು, ಜೂನ್ 21ರಂದು ಕಂಠಿಯವರಿಂದ ಅಧಿಕಾರ ವಹಿಸಿಕೊಂಡರು.

ನಾಲ್ಕು ವರ್ಷ ಮುಖ್ಯಮಂತ್ರಿಯಾಗಿದ್ದವನು ಇಂಥ ಸಮಯದಲ್ಲಿ ಏನು ಮಾಡಬಹುದು? ಪಕ್ಷ ಬಿಡಬಹುದು, ಬಣ ಕಟ್ಟಬಹುದು, ಮುನಿಸಿಕೊಂಡು ಮನೆಯಲ್ಲಿ ಕೂರಬಹುದು. ಮೂರಕ್ಕೂ ನಮ್ಮ ರಾಜಕೀಯದಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಜತ್ತಿಯವರು 1962ರ ಜುಲೈ 2ರಂದು ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸಿನ ಸಚಿವರಾದರು. ತಾವು ಯಾರ ನಂತರ ಬಂದಿದ್ದರೋ ಅವರ ಕೈಕೆಳಗೇ ಕೆಲಸಕ್ಕೆ ನಿಂತರು. ಸಂಸ್ಥಾನ ವಿಲೀನವಾದಾಗ ವಕೀಲಿಗೆ ಮರಳಿದ ಮನುಷ್ಯನ ಸ್ವಭಾವ ಇಲ್ಲಿ ಮತ್ತೆ ಕಾಣುತ್ತದೆ. ಇದನ್ನು ದೌರ್ಬಲ್ಯವೆಂದವರೂ ಉಂಟು, ಅಧಿಕಾರದ ಮೋಹವೆಂದವರೂ ಉಂಟು. ಸೋತವನು ಕೆಲಸ ಬಿಡದಿರುವುದು ಗೆದ್ದವನ ಔದಾರ್ಯದಷ್ಟೇ ಪಕ್ಷವೊಂದಕ್ಕೆ ಅಗತ್ಯವೆಂದು ನಾವು ತಿಳಿಯುತ್ತೇವೆ.

ಈ ವರ್ಷಗಳಲ್ಲಿಯೇ, 1964ರಲ್ಲಿ, ಅವರು ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಬಸವಣ್ಣನವರ ಮತ್ತು ಇತರ ಶರಣರ ವಚನಗಳನ್ನು ಕನ್ನಡ ಬಾರದವರಿಗೂ ತಲುಪಿಸಬೇಕೆಂಬುದು ಅದರ ಆಶಯ. ರಾಜಕೀಯದ ಏರಿಳಿತಗಳ ನಡುವೆ ಅವರು ಕೊನೆಯವರೆಗೂ ಕೈಬಿಡದ ಕೆಲಸವೆಂದರೆ ಇದೊಂದೇ. ಭಾರತದ ಹಲವಾರು ಭಾಷೆಗಳಲ್ಲಿ ವಚನಗಳನ್ನು ಪ್ರಕಟಿಸಿದ ಹಿರಿಮೆ ಆ ಸಂಸ್ಥೆಗೆ ಸಲ್ಲುತ್ತದೆ.

1968ರಲ್ಲಿ ಅವರು ರಾಜ್ಯ ರಾಜಕಾರಣದಿಂದ ಹೊರಬಂದು ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರರಾದರು. 1972ರ ನವೆಂಬರಿನಲ್ಲಿ ಒರಿಸ್ಸಾದ ರಾಜ್ಯಪಾಲರಾದರು. ಅಲ್ಲಿ 1973ರ ಮಾರ್ಚಿನಿಂದ ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ಇದ್ದುದರಿಂದ ರಾಜ್ಯಪಾಲರ ಹೆಗಲ ಮೇಲೆ ಇಡೀ ಆಡಳಿತದ ಭಾರ ಬಿದ್ದಿತ್ತು. 1974ರಲ್ಲಿ ಉಪರಾಷ್ಟ್ರಪತಿ ಚುನಾವಣೆಗೆ ಕಾಂಗ್ರೆಸ್ ಅವರನ್ನು ನಿಲ್ಲಿಸಿತು. ಎದುರಾಳಿ ಝಾರ್ಖಂಡ್ ಪಕ್ಷದ ಆದಿವಾಸಿ ನಾಯಕ ನಿರಲ್ ಎನೆಮ್ ಹೋರೊ. ಜತ್ತಿಯವರಿಗೆ 521 ಮತಗಳು, ಹೋರೊ ಅವರಿಗೆ 141. ಹದಿನಾರು ವರ್ಷಗಳ ಹಿಂದೆ ಬಲಿಷ್ಠರ ಎದುರು ನಿಂತಿದ್ದ ಜತ್ತಿಯವರೇ ಈ ಸಲ ಬಲಿಷ್ಠ ಪಕ್ಷದ ಅಭ್ಯರ್ಥಿ. ಸೋಲು ಖಚಿತವೆಂದು ತಿಳಿದೂ ನಿಂತವರು ಎದುರಿನವರು. ಆ 141 ಮತಗಳನ್ನು ಕೊಟ್ಟವರನ್ನೂ ನಾವು ಗೌರವದಿಂದಲೇ ನೆನೆಯಬೇಕು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ತುರ್ತುಪರಿಸ್ಥಿತಿಯ ಕೊನೆಯ ದಿನಗಳವು. ಮಾರ್ಚಿನ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಸೋತರು. 21ರಂದು ತುರ್ತುಪರಿಸ್ಥಿತಿ ರದ್ದಾಯಿತು. 24ರಂದು ಹೊಸ ಪ್ರಧಾನಿಗೆ ಜತ್ತಿಯವರು ಪ್ರಮಾಣವಚನ ಬೋಧಿಸಿದರು. ಆ ಪ್ರಧಾನಿ ಮೊರಾರ್ಜಿ ದೇಸಾಯಿಯವರು, ಎರಡು ದಶಕಗಳ ಹಿಂದೆ ಮುಂಬಯಿಯಲ್ಲಿ ಜತ್ತಿಯವರ ಮುಖ್ಯಮಂತ್ರಿಯಾಗಿದ್ದವರು. ಮೊರಾರ್ಜಿಯವರೂ ಪಕ್ಷದೊಳಗಿನ ಸ್ಪರ್ಧೆಯ ಕಹಿಯನ್ನು ಉಂಡವರೇ. 1966ರಲ್ಲಿ ಕಾಂಗ್ರೆಸ್ ಸಂಸದೀಯ ಪಕ್ಷದ ನಾಯಕತ್ವಕ್ಕೆ ನಿಂತು, ಇಂದಿರಾ ಗಾಂಧಿಯವರ 355 ಮತಗಳ ಎದುರು 169 ಮತಗಳನ್ನಷ್ಟೇ ಪಡೆದಿದ್ದರು.

ಅದರ ಮರುತಿಂಗಳೇ ಜತ್ತಿಯವರ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ಬಂದಿತು. ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಜನತಾ ಸರಕಾರ ನಿರ್ಧರಿಸಿತು. ಅವುಗಳಲ್ಲಿ ಜತ್ತಿಯವರು ರಾಜ್ಯಪಾಲರಾಗಿದ್ದ ಒರಿಸ್ಸಾ ಕೂಡ ಒಂದು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅವುಗಳ ದಾವೆ ವಜಾ ಆಯಿತು. ಸಂಪುಟದ ಸಲಹೆಯು ಸಹಿಗಾಗಿ ಬಂದಾಗ ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಒಂದು ದಿನದಷ್ಟು ತಡಮಾಡಿ, 30ರಂದು ಹಾಕಿದರು. ಹಳೆಯ ಪಕ್ಷದ ಋಣ ತೀರಿಸುತ್ತಿದ್ದಾರೆಂಬ ಕಟುಟೀಕೆ ಅವರ ಮೇಲೆ ಬಂದಿತು. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿಯಿದೆ. ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯತಕ್ಕದ್ದೆಂದು 1976ರ 42ನೆಯ ತಿದ್ದುಪಡಿಯು ಸ್ಪಷ್ಟವಾಗಿ ವಿಧಿಸಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸುವ ಅಧಿಕಾರ ರಾಷ್ಟ್ರಪತಿಗೆ ಬಂದದ್ದು 1978ರ 44ನೆಯ ತಿದ್ದುಪಡಿಯಿಂದ. ಈ ಎರಡರ ನಡುವಿನ ಇಕ್ಕಟ್ಟಾದ ಅವಧಿಯಲ್ಲಿ ಜತ್ತಿಯವರು ಕುಳಿತಿದ್ದರು. ಅವರ ತಡಕ್ಕೆ ಕಾನೂನಿನ ಆಸರೆ ಇರಲಿಲ್ಲ, ನಿಜ. ಆದರೆ ಅಂಥ ತಡಕ್ಕೊಂದು ಕ್ರಮಬದ್ಧ ದಾರಿ ಇರಬೇಕೆಂದು ಸಂಸತ್ತೇ ಮರುವರ್ಷ ಒಪ್ಪಿದಂತಾಯಿತು. ಅವರು ನಡೆದುಕೊಂಡದ್ದು ಸರಿಯೇ ತಪ್ಪೇ ಎಂಬ ಚರ್ಚೆ ಇಂದಿಗೂ ನಡೆಯಬಹುದು. ಕೊನೆಗೆ ಸಂವಿಧಾನಕ್ಕೆ ತಲೆಬಾಗಿದರೆಂಬುದರಲ್ಲಿ ಚರ್ಚೆಗೆ ಎಡೆಯಿಲ್ಲ.

1977ರ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ಜತ್ತಿಯವರು ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿ, 1979ರ ಆಗಸ್ಟಿನಲ್ಲಿ ಅವಧಿ ಮುಗಿಸಿ ನಿವೃತ್ತರಾದರು. ನಂತರದ ವರ್ಷಗಳನ್ನು ಬಸವ ಸಮಿತಿಯ ಕೆಲಸಕ್ಕೆ ಮೀಸಲಿಟ್ಟರು. 2002ರ ಜೂನ್ 7ರಂದು ಬೆಂಗಳೂರಿನಲ್ಲಿ, ತೊಂಬತ್ತರ ಹೊಸ್ತಿಲಲ್ಲಿ, ಲಿಂಗೈಕ್ಯರಾದರು.

ಪಕ್ಷದ ಅಭ್ಯರ್ಥಿಯನ್ನು ಪಕ್ಷದವರೇ ಮತದಿಂದ ಆರಿಸುವ ಪ್ರಯೋಗವೊಂದು ನಮ್ಮ ಕಾಲದಲ್ಲಿಯೂ ನಡೆದಿದೆ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷವು ದೇಶದ ಕೆಲವೇ ಕ್ಷೇತ್ರಗಳಲ್ಲಿ ಇದನ್ನು ಮಾಡಿತು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಕ್ಷೇತ್ರಗಳನ್ನು. ಹಾಗೆ ಆಯ್ಕೆಯಾದ ಇಬ್ಬರೂ ಚುನಾವಣೆಯಲ್ಲಿ ಸೋತರು, ಪ್ರಯೋಗ ಬೇರೂರಲಿಲ್ಲ. ಮಹಾನಗರಪಾಲಿಕೆಯ ವಾರ್ಡಿನಿಂದ ಸಂಸತ್ತಿನವರೆಗೆ ಯಾರಿಗೆ ಟಿಕೇಟು ಎಂಬುದು ಇಂದು ಬಹುಮಟ್ಟಿಗೆ ಮೇಲಿನವರ ಕೋಣೆಯಲ್ಲಿ ತೀರ್ಮಾನವಾಗುತ್ತದೆ. 1958ರ ಪದ್ಧತಿಯಲ್ಲಿ ಗುಂಪುಗಾರಿಕೆಯ ದೋಷ ಸಾಕಷ್ಟಿತ್ತು. ಆದರೂ ದೂರದ ಊರಿನ, ಸದ್ದಿಲ್ಲದೆ ಕೆಲಸ ಮಾಡುವ ಮನುಷ್ಯನಿಗೆ ಅಲ್ಲೊಂದು ಬಾಗಿಲು ತೆರೆದಿತ್ತು.

ಆ ಬಾಗಿಲನ್ನು ತೆರೆದವರ ಹೆಸರುಗಳು ಚರಿತ್ರೆಯಲ್ಲಿ ದೊಡ್ಡದಾಗಿ ಉಳಿದಿಲ್ಲ. ನಾಯಕನ ಭಾವಚಿತ್ರ ಗೋಡೆಯ ಮೇಲೆ ಇರುತ್ತದೆ. ಅವನಿಗೆ ಕೈ ಎತ್ತಿದವರದು ಇರುವುದಿಲ್ಲ. ನಮ್ಮ ಕನ್ನಡ ಸಂಘಗಳಲ್ಲಿ, ವಸತಿ ಸೊಸೈಟಿಗಳಲ್ಲಿ, ನೌಕರರ ಸಂಘಟನೆಗಳಲ್ಲಿ ವರ್ಷವರ್ಷವೂ ಪದಾಧಿಕಾರಿಗಳ ಆಯ್ಕೆ ನಡೆಯುತ್ತದೆ. ಬಲ್ಲ ಹೆಸರು, ಹಳೆಯ ಹೆಸರು, ಗೆಲ್ಲುವ ಹೆಸರುಗಳೇ ಮೊದಲು ನಾಲಿಗೆಗೆ ಬರುತ್ತವೆ. ಸಮಿತಿಯ ಮೂಲೆಯಲ್ಲಿ ಕುಳಿತು ಕಡತ ನೋಡುತ್ತಿರುವವರತ್ತಲೂ ಒಮ್ಮೆ ಕಣ್ಣು ಹಾಯಿಸೋಣ. ಹಾಗೆ ಆರಿಸಿ ಬಂದವರು ಎಲ್ಲವನ್ನೂ ಸಾಧಿಸುತ್ತಾರೆಂದಲ್ಲ; ಜತ್ತಿಯವರೂ ಎಲ್ಲವನ್ನೂ ಸಾಧಿಸಲಿಲ್ಲ. ಆದರೆ ಅವರ ಕಾಲದ ಕಾಯಿದೆಯ ಆಧಾರದ ಮೇಲೆ ಮುಂದೆ ಎಷ್ಟೋ ಗೇಣಿದಾರರ ಹೆಸರು ಪಹಣಿಗೆ ಏರಿತು. ಸಾವಳಗಿಯ ಆ ಹಿರಿಯ ಚೇತನಕ್ಕೂ, 1958ರಲ್ಲಿ ಅವರ ಹೆಸರಿಗೆ ಮತವಿತ್ತ ಶಾಸಕರಿಗೂ ನಮ್ಮ ಗೌರವಪೂರ್ವಕ ನಮನಗಳು.